ಎರಡು ಸೀಟಿನ ಕಾರಿನ ಖರ್ಚು

ಮೊನ್ನೆ ನಮ್ಮ ಕುಕ್ಕರಿನ ರಬ್ಬರು ಸಡಿಲಾಗಿ, ಸಿಳ್ಳೆ ಹಾಕುವುದನ್ನು ಬಿಟ್ಟು ಸುತ್ತಲಿಂದಲೂ ಬುಸುಗುಡತೊಡಗಿತು. ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವನು ಕೊಟ್ಟ ಹೊಸ ರಬ್ಬರನ್ನು ಎರಡು ಬೆರಳಿನ ನಡುವೆ ಒತ್ತಿ, ಬೆಳಕಿಗೆ ಹಿಡಿದು, ದಪ್ಪ ಸಾಲದು, ಬೇಗ ಪ್ಯಾಕಿಂಗ್ ಹೊಡೆದುಹೋಗುತ್ತದೆ ಎಂದು ತಮಿಳಿನಲ್ಲಿ ಹೇಳಿದೆ. ಅವನು ನನ್ನ ನರೆತ ತಲೆಯನ್ನೂ ಕೈಯ ಬಟ್ಟೆಚೀಲವನ್ನೂ ನೋಡಿ, ತಮಿಳರು ಅಜ್ಜಿಯನ್ನು ಕರೆಯುವಂತೆ, "ಪಾಟೀ, ನೀವೇನು ವರ್ಕ್‌ಶಾಪ್ ಇಟ್ಟಿದ್ದಿರಾ?" ಎಂದು ನಕ್ಕ.

ಇಟ್ಟಿರಲಿಲ್ಲಪ್ಪ. ಆದರೆ ಒಂದು ವರ್ಕ್‌ಶಾಪನ್ನು ಕೆಲವು ವರ್ಷ ನಾವೇ ಸಾಕಿದ್ದೆವು. ಅದರ ಮಾಲೀಕನ ಮಗಳ ಮದುವೆಯ ಊಟದಲ್ಲಿ ನಮ್ಮನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದ್ದು ಸುಮ್ಮನೆ ಅಲ್ಲ.

ನಾನು ಉಡುಪಿ ಕಡೆಯಿಂದ ಮದುವೆಯಾಗಿ ಮದರಾಸಿಗೆ ಬಂದದ್ದು ಐವತ್ತರ ದಶಕದ ನಡುಮಧ್ಯದಲ್ಲಿ. ನುಂಗಂಬಾಕ್ಕದಲ್ಲಿ ನಮ್ಮವರೂ ಅವರ ಅಣ್ಣನೂ ಸೇರಿ ಹೋಟೆಲು ನಡೆಸುತ್ತಿದ್ದರು. ಅಣ್ಣ ಎಂದರೆ ನನಗೆ ಭಾವ; ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಕೆಳಗೆ ಹೋಟೆಲು, ಮಹಡಿಯಲ್ಲಿ ಮನೆ. ಮನೆಯ ಹಾಲ್‌ನಲ್ಲಿ ಅಡುಗೆಯವರು, ಸಪ್ಲೈಯರುಗಳು, ಊರಿನಿಂದ ಕೆಲಸ ಹುಡುಕಿಕೊಂಡು ಬಂದವರು ಎಲ್ಲರೂ ಚಾಪೆ ಹಾಸಿಕೊಳ್ಳುತ್ತಿದ್ದರು. ಒಂದು ಕೋಣೆ ಭಾವನಿಗೂ ಅಕ್ಕನಿಗೂ ಅವರ ಮಕ್ಕಳಿಗೂ. ಇನ್ನೊಂದು ಕೋಣೆ ನಮ್ಮದೆಂದು ಹೆಸರು. ಅದರ ಅರ್ಧದಲ್ಲಿ ತೊಗರಿಬೇಳೆಯ ಮೂಟೆ, ಉಳಿದ ಅರ್ಧದಲ್ಲಿ ನಾವು. ಗೋಡೆ ಎಂದರೆ ಹಲಗೆಯ ಅಡ್ಡ. ಆಚೆ ಬದಿಯಲ್ಲಿ ಯಾರಾದರೂ ಆಕಳಿಸಿದರೆ ಈಚೆ ನಮಗೆ ನಿದ್ದೆ ಬರುತ್ತಿತ್ತು.

ಇಂಥ ಮನೆಯಲ್ಲಿ ಹೊಸದಾಗಿ ಮದುವೆಯಾದವರು ಏನು ಮಾತಾಡಿಯಾರು? ಹಗಲಿಡೀ ಅವರು ಕೆಳಗೆ ಕೌಂಟರಿನಲ್ಲಿ, ನಾನು ಮೇಲೆ ಅಕ್ಕನ ಜೊತೆ ತೆಂಗಿನಕಾಯಿ ತುರಿಯುತ್ತ. ಭಾವನ ಎದುರು ನಾನು ಬಾಯಿ ಬಿಡುವಂತಿರಲಿಲ್ಲ. ಹಾಗಂತ ಅವರು ಕೆಟ್ಟವರಲ್ಲ, ರೂಢಿ ಹಾಗಿತ್ತು. ಅವರಿಗೇನಾದರೂ ತಿಳಿಸಬೇಕಾದರೆ ನಾನು ಅಕ್ಕನಿಗೆ ಹೇಳಬೇಕು, ಅಕ್ಕ ಅವರಿಗೆ ಹೇಳಬೇಕು. ಸಾರಿಗೆ ಉಪ್ಪು ಬೇಕೇ ಎಂಬ ಪ್ರಶ್ನೆ ಹೀಗೆ ಸುತ್ತಿಬರುವಷ್ಟರಲ್ಲಿ ಅವರು ಮಜ್ಜಿಗೆ ಅನ್ನಕ್ಕೆ ಬಂದಿರುತ್ತಿದ್ದರು.

ಹೋಟೆಲಿನ ಹತ್ತಿರ ಒಂದು ಕಂಪೆನಿಯ ಆಫೀಸಿತ್ತು. ಅಲ್ಲಿಯ ಇಂಗ್ಲಿಷ್ ದೊರೆಯೊಬ್ಬ ಮಸಾಲೆದೋಸೆಗೆ ಮರುಳಾಗಿ ನಮ್ಮಲ್ಲಿಗೆ ಬರುತ್ತಿದ್ದ. ಅವನು ದೇಶ ಬಿಟ್ಟು ಹೋಗುವಾಗ ತನ್ನ ಕಾರನ್ನು ಯಾರಿಗಾದರೂ ಕೊಡಬೇಕಿತ್ತು. ಹಳೆಯ ಕಾರು, ಪಾಚಿಯಂಥ ಹಸಿರು ಬಣ್ಣ, ಮೇಲೆ ಮಡಚುವ ಕ್ಯಾನ್ವಾಸಿನ ಮಾಡು, ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ. ಓಟದ ಪಂದ್ಯಕ್ಕೆಂದು ಮಾಡಿದ ಜಾತಿಯದಂತೆ. ಸೀಟು ಎರಡೇ. ನಮ್ಮವರು ಹೋಟೆಲಿನ ವ್ಯಾನ್ ಓಡಿಸಿ ಅಭ್ಯಾಸವಿದ್ದವರು. ತಮ್ಮದೇ ಉಳಿತಾಯದಿಂದ ಅದನ್ನು ಕೊಂಡು, ಒಂದು ಸಂಜೆ ಹೋಟೆಲಿನ ಮುಂದೆ ತಂದು ನಿಲ್ಲಿಸಿದರು. ಬಹಳ ಅಗ್ಗಕ್ಕೆ ಬಂತು ಎಂದು ಎಲ್ಲರಿಗೂ ಹೇಳಿದರು. ಅಷ್ಟು ಅಗ್ಗಕ್ಕೆ ಯಾಕೆ ಬಂತೆಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಭಾವ ಕೌಂಟರ್ ಬಿಟ್ಟು ಹೊರಗೆ ಬಂದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನಾವು ಮಹಡಿಯ ಕಿಟಕಿಯಲ್ಲಿ.

"ಸೀನ, ಇದ್ರಲ್ಲಿ ಅಕ್ಕಿಮೂಟೆ ಎಲ್ಲಿ ಇಡುದು?"

"ಅಕ್ಕಿಮೂಟೆ ಇಡ್ಲಿಕ್ಕಾಗುದಿಲ್ಲ ಅಣ್ಣ."

"ತರ್ಕಾರಿ?"

"ಅದೂ ಆಗುದಿಲ್ಲ."

"ಮತ್ತೆ ಎಂತಕ್ಕೆ ಮಾರಾಯ ಇದು?"

"ಹೋಗ್ಲಿಕ್ಕೆ."

"ಎಲ್ಲಿಗೆ?"

ನಮ್ಮವರು ಕಾರಿನ ಮಾಡನ್ನು ಒಮ್ಮೆ ಬಿಚ್ಚಿ, ಮತ್ತೆ ಮಡಚಿದರು. ಭಾವ ತಲೆಯಾಡಿಸುತ್ತ ಒಳಗೆ ಹೋದರು. ಮದರಾಸಿಗೆ ಬಂದು ಅಷ್ಟು ಕಾಲವಾದರೂ ಅವರು ಹೋದ ಜಾಗಗಳೆಂದರೆ ಕೊತ್ವಾಲ್ ಚಾವಡಿಯ ಮಾರ್ಕೆಟ್ಟು, ಬ್ಯಾಂಕು, ಊರಿಗೆ ಹೋಗುವಾಗ ಸೆಂಟ್ರಲ್ ಸ್ಟೇಷನ್. ಬೆಳಕು ಹರಿಯುವ ಮುಂಚೆ ಬಾಯ್ಲರಿಗೆ ಬೆಂಕಿ ಹಾಕಿಸುವುದರಿಂದ ಹಿಡಿದು ಬಾಗಿಲು ಎಳೆಯುವ ತನಕ ಆ ಹೋಟೆಲನ್ನು ಹೊತ್ತುಕೊಂಡಿದ್ದವರು ಅವರು. ಸುಮ್ಮನೆ ಎಲ್ಲಿಗಾದರೂ ಹೋಗುವುದು ಅವರ ಲೆಕ್ಕಕ್ಕೆ ಬರುವ ಸಂಗತಿಯೇ ಆಗಿರಲಿಲ್ಲ.

ಕಾರು ಬಂದ ವಾರದಲ್ಲೇ ತನ್ನ ಗುಣ ತೋರಿಸಿತು. ಸ್ಟಾರ್ಟ್ ಆಗಲಿಲ್ಲ. ಪುದುಪೇಟೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಮಾಣಿಕ್ಕಂ ಎಂಬ ಮೆಕ್ಯಾನಿಕ್ ಬಂದ. ಮಾತಿನ ಮಲ್ಲ. ಬಾನೆಟ್ ಎತ್ತಿ ಒಳಗೆ ತಲೆ ಹಾಕಿ, ಅಲ್ಲಿಂದಲೇ "ಚಿನ್ನ ವೇಲೆ ದಾನ್ ಸಾರ್!" ಎಂದ. ನನಗೆ ಆಗ ತಮಿಳು ಬರುತ್ತಿರಲಿಲ್ಲ. ಚಿನ್ನದ ಕೆಲಸ ಎನ್ನುತ್ತಿದ್ದಾನೆ ಎಂದುಕೊಂಡು, ಕಾರಿನೊಳಗೂ ಚಿನ್ನ ಇರುತ್ತದೆಯೇ ಎಂದು ಅಕ್ಕನನ್ನು ಕೇಳಿದೆ. ತಮಿಳಿನಲ್ಲಿ ಚಿನ್ನ ಎಂದರೆ ಸಣ್ಣದು, ಸಣ್ಣ ಕೆಲಸ ಅಂತ ಹೇಳಿದ್ದು ಎಂದು ಅಕ್ಕ ಬಿಡಿಸಿ ಹೇಳಿದರು. ಆಮೇಲಿನ ವರ್ಷಗಳನ್ನು ನೋಡಿದರೆ ನಾನು ಮೊದಲು ತಿಳಿದುಕೊಂಡದ್ದೇ ಸರಿಯಾಗಿತ್ತು. ಮಾಣಿಕ್ಕನ ಬಾಯಲ್ಲಿ ಅದು ತಮಿಳಿನ ಚಿನ್ನವಾಗಿ ಹೊರಟು, ನಮ್ಮ ಮನೆಗೆ ಬರುವಷ್ಟರಲ್ಲಿ ಕನ್ನಡದ ಚಿನ್ನವಾಗಿರುತ್ತಿತ್ತು.

ಒಂದು ರಿಪೇರಿ ಇನ್ನೊಂದನ್ನು ಹೆರುತ್ತಿತ್ತು. ಬೇರೆ ಕಾರುಗಳಿಗೆ ಒಂದು ಕಾರ್ಬುರೇಟರ್ ಇದ್ದರೆ ಇದಕ್ಕೆ ಎರಡು; ಎರಡೂ ಒಟ್ಟಿಗೆ ಉಸಿರಾಡಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಸಾಮಾನು ಇಂಗ್ಲೆಂಡಿನಿಂದ ಬರಬೇಕು, ಹೊರದೇಶದ ಸಾಮಾನಿಗೆ ಆಗ ಸರಕಾರದ ಬಿಗಿ. ಹಾಗಾಗಿ ಎಲ್ಲವನ್ನೂ ಲೇತ್ ಇಟ್ಟವರ ಹತ್ತಿರ ಹೇಳಿ ಮಾಡಿಸಬೇಕು. ಅವರು ಮಾಡಿಕೊಟ್ಟದ್ದು ಕೂದಲೆಳೆ ಹೆಚ್ಚೋ ಕಡಿಮೆಯೋ ಆಗಿ ಪಕ್ಕದ ಭಾಗವನ್ನು ತಿನ್ನುತ್ತಿತ್ತು. ಚಕ್ರದ ಕಡ್ಡಿ ತುಂಡಾದರೆ ಸೈಕಲ್ ಶಾಪಿನವನ ಕಾಲು ಹಿಡಿಯಬೇಕು. ಸೀಟಿನ ಚರ್ಮ ಹರಿದು ತೆಂಗಿನ ನಾರು ಹೊರಗೆ ಬಂದಾಗ, ನಮ್ಮವರು ಕ್ರೋಂಪೇಟೆಯ ಟ್ಯಾನರಿಯಿಂದ ಹೊಸ ಚರ್ಮ ತಂದು ಹೊಲಿಸಿದರು. ಅದರ ವಾಸನೆಗೆ ಅಡುಗೆಯ ಭಟ್ಟರು ಮೂಗು ಮುಚ್ಚಿಕೊಂಡು, ಆ ವಾಹನವನ್ನು ಉಗ್ರಾಣದ ಪಕ್ಕ ನಿಲ್ಲಿಸಿದರೆ ತಾನು ಊರಿಗೆ ಹೋಗುತ್ತೇನೆ ಎಂದು ಕೂತರು. ಕಾರನ್ನು ಸೌದೆ ಕೊಟ್ಟಿಗೆಗೆ ಸಾಗಿಸಿದೆವು. ಸೌದೆ ಮಳೆಯಲ್ಲಿ ನೆನೆಯಿತು.

ನಿಜವಾಗಿ ಆ ಕಾರನ್ನು ಓಡಿಸಿದ್ದು ಪೆಟ್ರೋಲಲ್ಲ, ನಮ್ಮ ಅಡುಗೆಮನೆ. ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಟ್ಟೆ ಸೋಪಿನ ತುಂಡನ್ನು ತಿಕ್ಕಿ ಮುಚ್ಚುವುದು. ಬ್ರೇಕಿಗೆ ಹಾಕುವ ಎಣ್ಣೆ ಸಿಗದಿದ್ದರೆ ತಲೆಗೆ ಹಚ್ಚುವ ಹರಳೆಣ್ಣೆ. ಎಲ್ಲೋ ಸಿಕ್ಕಿಸುವ ಪಿನ್ನು ಬಿದ್ದುಹೋದರೆ ನನ್ನ ತಲೆಯ ಪಿನ್ನು. ರೇಡಿಯೇಟರ್ ತೂತಾದಾಗ ಮಾಣಿಕ್ಕಂ ಮಹಡಿಯ ಕಡೆ ಮುಖ ಎತ್ತಿ, "ಅಮ್ಮಾ, ಕೊಂಜಂ ಮಂಜಳ್ ಪೊಡಿ!" ಎಂದು ಕೂಗುತ್ತಿದ್ದ. ಅರಸಿನ ಪುಡಿಯನ್ನು ನೀರಿಗೆ ಕಲಕಿ ಹಾಕಿದರೆ ಅದು ಹೋಗಿ ತೂತಿನಲ್ಲಿ ಕೂರುತ್ತದಂತೆ. ಕೂತದ್ದು ನಿಜ. ಆದರೆ ಮೌಂಟ್ ರೋಡಿನಲ್ಲಿ ಹೋಗುವಾಗ ಮುಚ್ಚಳ ಹಾರಿ, ಹಳದಿ ಹಬೆ ನಮ್ಮಿಬ್ಬರ ಮೇಲೆ ಎರಚಿತು. ಬಿಳಿ ಷರ್ಟಿನ ನಮ್ಮವರೂ ನಾನೂ ಮದುವೆಯ ದಿನ ಅರಸಿನ ಹಚ್ಚಿಸಿಕೊಂಡವರಂತೆ ಮನೆಗೆ ಬಂದೆವು. ಅಕ್ಕ ಆರತಿ ತಟ್ಟೆ ತರಲೇ ಎಂದು ಕೇಳಿದರು.

ಆ ವರ್ಷ ದೀಪಾವಳಿಗೆ ನನಗೆ ಬರಬೇಕಿದ್ದ ಕಂಚಿ ಸೀರೆ ಹಿಂದಿನ ಟಯರುಗಳ ರೂಪದಲ್ಲಿ ಬಂತು. ಮರುವರ್ಷ ರೇಡಿಯೊ ಕೊಳ್ಳೋಣ ಎಂದಿದ್ದೆವು. ಅದು ಡೈನಮೊ ಆಯಿತು. "ಡೈನಮೊ ಕೂಡ ಹಾಡ್ತದೆ, ಕಿವಿಗೊಟ್ಟು ಕೇಳು" ಎಂದರು ನಮ್ಮವರು. ನಾನು ಕಿವಿಗೊಡಲಿಲ್ಲ, ಮೂರು ದಿನ ಮಾತೂ ಆಡಲಿಲ್ಲ. ನೀವೇ ಹೇಳಿ, ನೆರೆಮನೆಯವರ ಸೊಸೆ ರೇಡಿಯೊ ಹಾಕಿ ಕಿಟಕಿ ತೆರೆದಿಡುವಾಗ ಡೈನಮೊ ಇಟ್ಟುಕೊಂಡವಳು ಏನು ಮಾಡಬೇಕು?

ಅಕ್ಕನ ಮಕ್ಕಳು ಮನೆಯಲ್ಲಿ ಕನ್ನಡ ಕೇಳಿ ತಮಿಳಲ್ಲಿ ಉತ್ತರ ಕೊಡುವವರು. ಬೆಳಗಾದರೆ "ಚಿತ್ತಪ್ಪಾ, ಇನ್ನಿಕ್ಕು ವಂಡಿ ಓಡುಮಾ?" ಎಂದು ಕೇಳುತ್ತಿದ್ದರು. ಇವತ್ತು ಗಾಡಿ ಓಡುತ್ತದೆಯೇ ಎಂದು ಅರ್ಥ. ಅದನ್ನು ಕಾಯಿಲೆಯವರ ಸುಖದುಃಖ ವಿಚಾರಿಸುವ ದನಿಯಲ್ಲೇ ಕೇಳುತ್ತಿದ್ದರು. ಒಮ್ಮೆ ಹೋಟೆಲಿನ ಹಾಲಿನ ವ್ಯಾನ್ ಕೈಕೊಟ್ಟಾಗ, ಈ ಕಾರು ಒಂದು ಕೆಲಸವಾದರೂ ಮಾಡಲಿ ಎಂದು ಭಾವ ನಮ್ಮವರನ್ನು ಹಾಲು ತರಲು ಮಾಧವರಕ್ಕೆ ಕಳಿಸಿದರು. ನನ್ನ ಸೀಟಿನಲ್ಲಿ ಹಾಲಿನ ಕ್ಯಾನನ್ನು ಕೂರಿಸಿ, ನನ್ನ ಹಳೆಯ ಸೀರೆಯಿಂದ ಬಿಗಿದು ಕಟ್ಟಿ ತಂದರು. ದಾರಿಯುದ್ದಕ್ಕೂ ಕುಲುಕಾಟ. ಮುಚ್ಚಳ ತೆಗೆದಾಗ ಮೇಲೆ ಬೆಣ್ಣೆ ತೇಲುತ್ತಿತ್ತು. ಭಾವ ಅದನ್ನು ನೋಡಿ, "ಕಡೆಯುವ ಕೂಲಿ ಉಳೀತು" ಎಂದಷ್ಟೇ ಹೇಳಿ ಒಳಗೆ ಹೋದರು.

ಇಷ್ಟೆಲ್ಲ ಹೇಳಿದರೆ ನಾನು ಆ ಕಾರನ್ನು ದ್ವೇಷಿಸುತ್ತಿದ್ದೆ ಎಂದುಕೊಂಡೀರಿ. ಮೊದಮೊದಲು ದ್ವೇಷಿಸಿದ್ದೂ ಹೌದು. ಅದು ಬದಲಾದದ್ದು ಒಂದು ಮಂಗಳವಾರ.

ಮಂಗಳವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ನಮ್ಮವರಿಗೆ ಬಿಡುವು. ಕಾರಿಗೆ ಮನಸ್ಸಿದ್ದರೆ ನಾವು ಅಡ್ಯಾರಿನಾಚೆಯ ಸಮುದ್ರತೀರಕ್ಕೆ ಹೋಗುತ್ತಿದ್ದೆವು. ಆಗ ಅಲ್ಲಿ ಮರಳು, ಗಾಳಿಮರಗಳು, ಮೀನುಗಾರರ ದೋಣಿ ಬಿಟ್ಟರೆ ಏನೂ ಇರಲಿಲ್ಲ. ಮೊದಲ ಸಲ ಹೊರಟಾಗ ಅಕ್ಕನ ಮಕ್ಕಳೂ ಬರುತ್ತೇವೆಂದು ಓಡಿಬಂದರು. ಕೂರಿಸಲು ಜಾಗ ಇರಲಿಲ್ಲ. ಊರಿನಿಂದ ಬಂದಿದ್ದ ಯಾರೋ ಅತ್ತೆ ನಾನೂ ಬರುತ್ತೇನೆ ಎಂದರು. ಅವರಿಗೂ ಜಾಗ ಇರಲಿಲ್ಲ. ನಮ್ಮ ಮನೆಯಲ್ಲಿ ಯಾವುದಕ್ಕೂ ಇಬ್ಬರೇ ಹೊರಡುವ ಪದ್ಧತಿ ಇರಲಿಲ್ಲ, ದೇವಸ್ಥಾನಕ್ಕೆ ಹೋಗುವಾಗಲೂ ಹಿಂದೆ ಮುಂದೆ ನಾಲ್ಕು ಜನ ಇರುತ್ತಿದ್ದರು. ಯಾರಿಗೂ ಬೇಡ ಎನ್ನದೆ, ಯಾರಿಗೂ ಬೇಸರ ಮಾಡದೆ, ಆ ಕಾರು ತಾನಾಗಿ ಎಲ್ಲರನ್ನೂ ಹಿಂದೆ ಬಿಟ್ಟಿತು.

ಮದುವೆಯಾದ ಎರಡನೆಯ ವರ್ಷ ನನಗೆ ಬಸಿರು ನಿಂತು, ಆರನೆಯ ತಿಂಗಳಲ್ಲಿ ಹೋಯಿತು. ಗಂಡು ಮಗು ಎಂದು ಸೂಲಗಿತ್ತಿ ಅಕ್ಕನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಕ್ಕ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಕಷಾಯ ಕುಡಿಸಿದರು, ಬಿಸಿನೀರು ಹೊಯ್ದರು. ಆದರೆ ಅದರ ವಿಷಯ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತದೆ ಇರುವುದೇ ದಯೆ ಎಂದು ಎಲ್ಲರೂ ತಿಳಿದಿದ್ದರು. ನಮ್ಮವರೂ ಏನೂ ಹೇಳಲಿಲ್ಲ. ಎಂದಿನಂತೆ ಕೌಂಟರಿನಲ್ಲಿ ಕೂತರು, ಚಿಲ್ಲರೆ ಕೊಟ್ಟರು, ಗಿರಾಕಿಗಳನ್ನು ಮಾತಾಡಿಸಿದರು. ಇವರಿಗೆ ಏನೂ ಅನ್ನಿಸಲೇ ಇಲ್ಲವೇ ಎಂದು ನನ್ನೊಳಗೆ ಒಂದು ಕಲ್ಲು ಕೂತಿತ್ತು.

ಆ ಮಂಗಳವಾರ ನಾವು ಕಾರಿನಲ್ಲೇ ಕೂತು ಅಲೆಗಳನ್ನು ನೋಡುತ್ತಿದ್ದೆವು. ಎಂಜಿನ್ ಆರುವಾಗ ಟಿಕ್ ಟಿಕ್ ಎನ್ನುತ್ತಿತ್ತು. ನಮ್ಮವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದರು:

"ಅವತ್ತು ನಾನು ಬೇಳೆ ಮೂಟೆ ಹಿಂದೆ ಕೂತು ಅತ್ತಿದ್ದೆ."

"ಯಾವತ್ತು?" ಎಂದೆ. ಯಾವತ್ತೆಂದು ಗೊತ್ತಿತ್ತು.

"ಅಣ್ಣ ಹುಡುಕಿಕೊಂಡು ಬಂದ. ಬೇಳೆ ಹುಳ ಹಿಡ್ದಿದಾ ಅಂತ ನೋಡ್ತಿದ್ದೆ ಅಂದೆ. ಪಾಪ, ಅವ ನಂಬಿದ. ಎಲ್ಲಾ ಮೂಟೆ ಬಿಸಿಲಿಗೆ ಹಾಕಿಸಿದ."

ನನಗೆ ನಗು ಬಂತು. ನಗು ಎಲ್ಲಿ ನಿಂತಿತು, ಅಳು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ನನಗೆ ನೆನಪಿತ್ತು, ಆ ದಿನ ಮೂಟೆಗಳನ್ನೆಲ್ಲ ತಾರಸಿಗೆ ಹೊತ್ತದ್ದು. ಅಕ್ಕನ ಕೋಣೆಯಲ್ಲಿ ಮಲಗಿದ್ದಲ್ಲಿಂದ ಅದನ್ನು ನೋಡಿ, ನನ್ನ ಮಗು ಹೋದ ದಿನವೂ ಇವರಿಗೆ ಬೇಳೆಯ ಚಿಂತೆ ಎಂದು ಶಪಿಸಿದ್ದೆ. ಆ ಮಂಗಳವಾರ ಸೂರ್ಯ ಮುಳುಗುವ ತನಕ ನಾವು ಆ ಮಗುವಿನ ಬಗ್ಗೆ ಮಾತಾಡಿದೆವು. ಅದಕ್ಕೆ ಏನು ಹೆಸರಿಡಬೇಕೆಂದು ಇಬ್ಬರೂ ಬೇರೆಬೇರೆಯಾಗಿ ಯೋಚಿಸಿದ್ದೆವು ಎಂದು ಗೊತ್ತಾಯಿತು. ಹಿಂದೆ ಬರುವಾಗ ಕಾರು ಸ್ಟಾರ್ಟ್ ಆಗಲಿಲ್ಲ. ಮೀನುಗಾರರು ತಳ್ಳಿದರು. ನನಗೆ ಸ್ವಲ್ಪವೂ ಬೇಸರವಾಗಲಿಲ್ಲ.

ಅಲ್ಲಿಂದ ಮುಂದೆ ನಾನು ಟಯರು, ಡೈನಮೊ ಯಾವುದಕ್ಕೂ ಮುಖ ಸಿಂಡರಿಸಲಿಲ್ಲ. ಹಾಗೆಂದು ಖುಷಿಪಟ್ಟೆ ಎಂದೂ ಅಲ್ಲ. ಮಗುವಿಲ್ಲದವರು ಕಾರು ಸಾಕುತ್ತಿದ್ದಾರೆ ಎಂದು ಬೀದಿಯಲ್ಲಿ ಯಾರೋ ಆಡಿದ್ದು ನಮ್ಮವರೆಗೆ ಬಂತು. ನಮ್ಮವರು ಅದನ್ನು ಕೇಳಿ ಸುಮ್ಮನೆ ಹೋಗಿ ಕಾರು ಒರೆಸತೊಡಗಿದರು. ನಾನೂ ಹುಣಸೆಹುಳಿ ತೆಗೆದುಕೊಂಡು ಹೋಗಿ ಅದರ ಹಿತ್ತಾಳೆ ಭಾಗಗಳನ್ನು ತಿಕ್ಕಿದೆ.

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಸಾಂತೋಮ್ ದಾಟುವಾಗ ಎಂಜಿನ್ನಿನ ಹೊಟ್ಟೆಯೊಳಗಿಂದ ಒನಕೆ ಕುಟ್ಟಿದ ಸದ್ದು ಬಂತು. ಆಮೇಲೆ ಒಮ್ಮೆ ಜೋರಾಗಿ ಕುಟ್ಟಿ ನಿಂತೇಬಿಟ್ಟಿತು. ಯಾವ ತಳ್ಳುವಿಕೆಗೂ ಜಗ್ಗಲಿಲ್ಲ. ಕೊನೆಗೆ ಒಂದು ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ಓಟದ ಪಂದ್ಯದ ಕಾರು ಎತ್ತಿನ ನಡಿಗೆಯಲ್ಲಿ ನುಂಗಂಬಾಕ್ಕಕ್ಕೆ ಬರುವ ಹೊತ್ತಿಗೆ ಹೋಟೆಲಿನಲ್ಲಿ ಸಂಜೆಯ ಟಿಫನ್ನಿನ ರಷ್ಷು. ಗಿರಾಕಿಗಳು ತೊಳೆದ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಬಾಗಿಲಲ್ಲಿ ನಿಂತು ನೋಡಿದರು. ಯಾರೋ ಚಪ್ಪಾಳೆ ಹೊಡೆದರು. ನಮ್ಮವರು ಸ್ಟಿಯರಿಂಗ್ ಹಿಡಿದು ನೇರ ನೋಡುತ್ತಿದ್ದರು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ.

ಭಾವ ಎದ್ದು ಬಂದರು. ಒಬ್ಬ ಸಪ್ಲೈಯರನ್ನು ಪುದುಪೇಟೆಗೆ ಓಡಿಸಿದರು. ಮಾಣಿಕ್ಕಂ ಬಂದು ನೋಡಿ, ಮೊದಲ ಸಲ "ಚಿನ್ನ ವೇಲೆ" ಎನ್ನಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಂಜಿನ್ ಇಳಿಸಿ ಒಳಗಿನದೆಲ್ಲ ಹೊಸದಾಗಿ ಮಾಡಿಸಬೇಕಿತ್ತು. ಅವನು ಹೇಳಿದ ಮೊತ್ತಕ್ಕೆ ಹೋಟೆಲಿನ ಅಡುಗೆಮನೆಯನ್ನೇ ಹೊಸದಾಗಿ ಕಟ್ಟಿಸಬಹುದಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಭಾವ ಹೇಳಿದರು, "ಸೀನ, ಸಾಕು. ಗುಜ್ರಿಯವನಿಗೆ ಹೇಳಿದ್ದೇನೆ. ನಾಡಿದ್ದು ಬಂದು ಎತ್ತಿಕೊಂಡು ಹೋಗ್ತಾನೆ."

ನಮ್ಮವರು "ಆಯ್ತಣ್ಣ" ಎಂದರು. ಅಷ್ಟೇ. ಅವರು ವಾದಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮರುದಿನ ಕೌಂಟರಿನಲ್ಲಿ ಅವರು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ನಗುತ್ತಿದ್ದರು. ಬೇಳೆ ಮೂಟೆಯ ಹಿಂದೆ ಅತ್ತು ಬಂದ ದಿನವೂ ಹೀಗೆಯೇ ನಕ್ಕಿದ್ದರು. ಆ ನಗೆಯ ಅರ್ಥ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ಗುಜರಿಯವನು ಹೇಳಿದ ದಿನವೇ ಬಂದ. ಭಾವ ಮಹಡಿಯಲ್ಲಿ ಊಟ ಮುಗಿಸಿ, ಮಜ್ಜಿಗೆ ಲೋಟ ಹಿಡಿದು ಕೂತಿದ್ದರು. ಅಕ್ಕ ಎಲೆ ತೆಗೆಯುತ್ತಿದ್ದರು. ನಮ್ಮವರು ಕೆಳಗಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದವಳು ಈಚೆಗೆ ಬಂದೆ.

"ಭಾವ, ಆ ಕಾರನ್ನು ಕೊಡ್ಬೇಡಿ."

ಭಾವ ಬೆಚ್ಚಿ ಅಕ್ಕನ ಕಡೆ ನೋಡಿದರು, ಅವರೇ ಮಾತಾಡಿದರೆಂದು. ಅಕ್ಕ ನನ್ನ ಕಡೆ ನೋಡಿದರು. ನನ್ನ ದನಿಯನ್ನು ಭಾವ ಹತ್ತಿರದಿಂದ ಕೇಳಿದ್ದು ಅದೇ ಮೊದಲು.

"ಯಾಕೆ?" ಎಂದರು. ನನ್ನನ್ನು ನೋಡದೆ, ಮಜ್ಜಿಗೆ ಲೋಟವನ್ನು ನೋಡುತ್ತ. ಕೋಪ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳುವ ಆಸೆಯಿದ್ದಂತೆ ಕೇಳಿದರು.

ಖರ್ಚಿನ ಬಗ್ಗೆ ಏನೇನೋ ಹೇಳಬೇಕೆಂದು ಯೋಚಿಸಿಟ್ಟಿದ್ದೆ. ಬಳೆ ಕೊಡುತ್ತೇನೆ, ಸೀರೆ ಬೇಡ ಎಂದು. ಬಾಯಿಗೆ ಬಂದದ್ದು ಬೇರೆ.

"ನಾವಿಬ್ರೂ ಕೂತು ಮಾತಾಡ್ಲಿಕ್ಕೆ ನಮಗೆ ಬೇರೆ ಜಾಗ ಇಲ್ಲ ಭಾವ. ಮಗು ಹೋದ್ದಕ್ಕೆ ಅವರು ಅತ್ತಿದ್ದಾರೆ ಅಂತ ನಂಗೆ ಗೊತ್ತಾದ್ದೇ ಆ ಕಾರಲ್ಲಿ. ಅದೂ ಒಂದು ವರ್ಷ ಕಳ್ದ ಮೇಲೆ."

ಭಾವ ಮಜ್ಜಿಗೆ ಕುಡಿಯಲಿಲ್ಲ. ಲೋಟವನ್ನು ಕೆಳಗಿಟ್ಟರು. ಅಕ್ಕ ಎಲೆಗಳನ್ನು ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದರು. ನಾನು ಒಳಗೆ ಓಡಿಬಂದು ಬೇಳೆ ಮೂಟೆಗಳ ಮೇಲೆ ಕೂತೆ. ಮೆಟ್ಟಿಲಿಳಿಯುವ ಸದ್ದು ಕೇಳಿತು. ಆಮೇಲೆ ಕೆಳಗೆ ಭಾವನ ದನಿ, ಗುಜರಿಯವನಿಗೆ ತಮಿಳಿನಲ್ಲಿ: ಕಾಫಿ ಕುಡಿದು ಹೋಗಪ್ಪ, ಗಾಡಿ ಕೊಡುವುದಿಲ್ಲ.

ಎಂಜಿನ್ ಇಳಿಸಿದರು. ಒಳಗಿನದನ್ನು ಹೊಸದಾಗಿ ಮಾಡಿಸಿದರು. ಅರ್ಧ ಖರ್ಚು ಭಾವನೇ ಹಾಕಿದರು. ಯಾಕೆಂದು ನಮ್ಮವರು ಕೇಳಿದ್ದಕ್ಕೆ, "ಹಾಲು ತಂದಿದೆಯಲ್ಲ" ಎಂದರಂತೆ. ಒಮ್ಮೆ ತಂದದ್ದು, ಅದೂ ಬೆಣ್ಣೆಯಾಗಿ ಬಂದದ್ದು. ನಾನು ಹೇಳಿದ ಮಾತಿನ ಬಗ್ಗೆ ಅವರು ಯಾರ ಹತ್ತಿರವೂ ಎತ್ತಲಿಲ್ಲ. ಆದರೆ ಅಲ್ಲಿಂದ ಮುಂದೆ ಸಾರಿಗೆ ಉಪ್ಪು ಬೇಕಾದರೆ ನೇರ ನನ್ನನ್ನೇ ಕೇಳಿದರು.

ಆ ಕಾರು ಆಮೇಲೂ ಕೆಲವು ವರ್ಷ ನಮ್ಮಲ್ಲಿತ್ತು. ಕ್ಯಾನ್ವಾಸು ಎರಡು ಸಲ ಹೊಲಿಸಿದೆವು, ಬ್ರೇಕು ಸರಿಮಾಡಿಸಿದ್ದಕ್ಕೆ ಲೆಕ್ಕವಿಲ್ಲ. ಅರವತ್ತರ ದಶಕದಲ್ಲಿ ಮಗಳು ಹುಟ್ಟಿದಳು. ತೊಡೆಯ ಮೇಲೆ ಕೂರುವ ತನಕ ಎರಡು ಸೀಟು ಸಾಕಾಯಿತು, ಆಮೇಲೆ ಸಾಲಲಿಲ್ಲ. ಕೋಡಂಬಾಕ್ಕದ ಒಂದು ಸಿನಿಮಾ ಸ್ಟುಡಿಯೊದವರು ಬಂದು ಕೊಂಡುಹೋದರು. ಅಲ್ಲಿ ಅದು ಓಡಬೇಕಿಲ್ಲ; ನಿಂತಲ್ಲೇ ಇರುವ ಕಾರನ್ನು ಹಿಂದಿನಿಂದ ಅಲ್ಲಾಡಿಸಿ, ಪರದೆಯ ಮೇಲೆ ಮರಗಳನ್ನು ಓಡಿಸುತ್ತಾರಂತೆ. ಇದಕ್ಕಿಂತ ಒಳ್ಳೆಯ ಕೆಲಸ ಅದಕ್ಕೆ ಸಿಗುತ್ತಿರಲಿಲ್ಲ ಎಂದು ಮಾಣಿಕ್ಕಂ ಕಣ್ಣೊರೆಸಿಕೊಂಡ.

ಆದರೆ ನಾನು ಹೇಳಬೇಕೆಂದುಕೊಂಡದ್ದು ಅದಕ್ಕಿಂತ ಹಿಂದಿನದು, ಎಂಜಿನ್ ಹೊಸದಾದ ಮೇಲಿನದು.

ಭಾವ ಒಂದು ದಿನ ನಮ್ಮವರನ್ನು ಕರೆದು, ತನಗೆ ಕಾರು ಬಿಡಲು ಕಲಿಸು ಎಂದರು. ನಮ್ಮವರು ತಮಾಷೆ ಎಂದುಕೊಂಡರು. ತಮಾಷೆ ಮಾಡುವ ಮನುಷ್ಯ ಅವರಲ್ಲ. ವ್ಯಾನಿನಲ್ಲಿ ಕಲಿಸುತ್ತೇನೆ ಎಂದರೆ ಬೇಡ, ಈ ಕಾರಿನಲ್ಲೇ ಆಗಬೇಕು ಎಂದರು. ಐಲೆಂಡ್ ಮೈದಾನದಲ್ಲಿ ಅಭ್ಯಾಸ ನಡೆಯಿತು. ಪಂಚೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಹೋಟೆಲಿನ ಬಾಯ್ಲರನ್ನು ನೋಡುವ ಗಂಭೀರ ಮುಖದಲ್ಲಿ ಅವರು ಗೇರ್ ಹಾಕುತ್ತಿದ್ದರು. ಗೇರ್ ಕಿರುಚುತ್ತಿತ್ತು. ಕ್ಲಚ್ ಪ್ಲೇಟ್ ಸುಟ್ಟುಹೋಯಿತು. ಇನ್ನೊಂದು ಹಾಕಿಸಿ ಮತ್ತೆ ಕೂತರು, ಅದೂ ಸುಟ್ಟಿತು. ನಮ್ಮವರು ಮನೆಗೆ ಬಂದು, "ಅಣ್ಣನಿಗೆ ಎಂತಾಗಿದೆ? ನಂಗೆ ಕೇಳ್ಲಿಕ್ಕೂ ಹೆದ್ರಿಕೆ" ಎನ್ನುತ್ತಿದ್ದರು. ಮಾಣಿಕ್ಕನ ಮುಖದಲ್ಲಿ ಕಳೆ ಮರಳಿ ಬಂತು. ಅಂತೂ ಭಾವನಿಗೆ ಲೈಸೆನ್ಸ್ ಸಿಕ್ಕಿತು. ಪರೀಕ್ಷೆ ಮಾಡಿದವನು ನಮ್ಮ ಹೋಟೆಲಿನ ರವಾ ಇಡ್ಲಿಯ ಭಕ್ತ ಎಂದು ಸಪ್ಲೈಯರುಗಳು ಹೇಳಿಕೊಂಡು ನಗುತ್ತಿದ್ದರು. ಅದು ನನಗೆ ಗೊತ್ತಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಭಾವ ಅಡುಗೆಮನೆಯ ಬಾಗಿಲಿಗೆ ಬಂದು, ಅಕ್ಕನ ಕಡೆ ನೋಡಿ, "ಸಮುದ್ರ ನೋಡಿ ಬರುವ. ಸೀರೆ ಬದ್ಲಾಯ್ಸು" ಎಂದರು. ಅಕ್ಕ ತುರಿಮಣೆಯ ಮೇಲಿಂದ ಏಳಲೇ ಇಲ್ಲ. ಮೈ ಹುಷಾರಿಲ್ಲವೇ ಎಂಬಂತೆ ಅವರನ್ನೇ ನೋಡಿದರು. ನಾನು ಅಕ್ಕನ ಕೈಯಿಂದ ಕಾಯಿ ಹೋಳು ಕಿತ್ತುಕೊಂಡು, ಎಬ್ಬಿಸಿ, ನನ್ನ ಹೊಸ ಸೀರೆ ಉಡಿಸಿ ಕಳಿಸಿದೆ. ಕಾರು ಎರಡು ಸಲ ನೆಗೆದು, ಮುಗ್ಗರಿಸಿ, ಕೊನೆಗೆ ಹೊರಟಿತು. ಅಕ್ಕ ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದು ಕೈಯಲ್ಲಿ ತಾಳಿಯನ್ನೂ ಹಿಡಿದುಕೊಂಡಿದ್ದರು. ನಮ್ಮವರು ಬೀದಿಯ ತಿರುವಿನ ತನಕ ಹಿಂದೆ ಓಡಿದರು.

ಟಿಫನ್ ಹೊತ್ತಿಗೆ ಬರುತ್ತೇವೆಂದವರು ದೀಪ ಹಚ್ಚಿದರೂ ಬರಲಿಲ್ಲ. ಸಂಜೆಯ ರಷ್ಷಿನಲ್ಲಿ ಭಾವ ಇಲ್ಲದ ಹೋಟೆಲನ್ನು ಗಿರಾಕಿಗಳು ನೋಡಿದ್ದು ಅದೇ ಮೊದಲು. ಒಬ್ಬೊಬ್ಬರೂ ಏನಾಯಿತೆಂದು ಕೇಳುವವರೇ. ನಮ್ಮವರು ವ್ಯಾನ್ ತೆಗೆದುಕೊಂಡು ಹುಡುಕಲು ಹೊರಟರು. ಅಷ್ಟರಲ್ಲಿ ಕಾರು ಬಂತು. ಭಾವ ಇಳಿದು, ಯಾರ ಮುಖವನ್ನೂ ನೋಡದೆ, ನೇರ ಕೌಂಟರಿಗೆ ಹೋಗಿ ಕೂತರು. ಷರ್ಟಿನ ತುಂಬ ಮರಳು.

ಅಕ್ಕ ಹಿಂದಿನ ಮೆಟ್ಟಿಲಿನಿಂದ ಮೇಲೆ ಬಂದರು. ಮುಡಿ ಬಿಚ್ಚಿಹೋಗಿತ್ತು. ಎರಡೂ ಅಂಗೈಯಲ್ಲಿ ಕರಿ. ನನ್ನ ಹೊಸ ಸೀರೆಯ ಅಂಚು ಒದ್ದೆ. ಅಡುಗೆಮನೆಯ ಹೊಸಿಲ ಮೇಲೆ ಕೂತು ಏದುಸಿರು ಬಿಟ್ಟರು. ನಾನು ಗಾಬರಿಯಿಂದ ನೀರು ತಂದುಕೊಟ್ಟೆ.

"ಎಂತಾಯ್ತಕ್ಕ? ಇಷ್ಟು ಹೊತ್ತು ಎಂತ ಮಾಡಿದ್ರಿ?"

"ಎಂತ ಮಾಡುದು! ಮರಳಲ್ಲಿ ನಿಂತ್ಹೋಯ್ತು. ಅವರು ಕೂತು ಸ್ಟಾರ್ಟ್ ಮಾಡ್ಬೇಕು, ನಾನು ಹಿಂದಿಂದ ತಳ್ಬೇಕು. ಸುತ್ತ ಒಬ್ಬ ಇಲ್ಲ."

"ಅಯ್ಯೋ, ನೀವು ತಳ್ಳಿದ್ರಾ?"

ಅಕ್ಕ ನೀರು ಕುಡಿದು ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡರು. ಕರಿ ಹತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ಕೆಳಗೆ ಕೌಂಟರಿನಲ್ಲಿ ಕೂತವರಿಗೆ ಕೇಳಿಸೀತೇನೋ ಎಂಬಂತೆ ಹೇಳಿದರು:

"ಮದುವೆಯಾದಾರಭ್ಯ ಅವರು ನನ್ನನ್ನು 'ಇವಳೇ' ಅಂತಲೇ ಕರ್ದದ್ದು. ನನ್ನ ಹೆಸರು ಅವರಿಗೆ ನೆನಪುಂಟೋ ಇಲ್ವೋ ಅಂತಲೂ ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಇವತ್ತು ಆ ಗಾಳಿಯಲ್ಲಿ ಒಂದೂ ಕೇಳುದಿಲ್ಲ. ಅವರು ಕಾರಿಂದ ತಲೆ ಹೊರಗೆ ಹಾಕಿ, ಆ ಸಮುದ್ರಕ್ಕೆಲ್ಲ ಕೇಳುವ ಹಾಗೆ ಕೂಗಿದ್ರು. 'ಜಲಜಾಕ್ಷೀ, ತಳ್ಳು! ಜಲಜಾಕ್ಷೀ, ಇನ್ನೂ ಸ್ವಲ್ಪ!' ಅಂತ."

"ಮತ್ತೆ?"

"ಮತ್ತೆಂತ. ಕಾರು ಎರಡನೇ ಸಲಕ್ಕೇ ಹೊರಡ್ತಿತ್ತು," ಎಂದರು ಅಕ್ಕ. "ನಾನೇ ಸ್ವಲ್ಪ ಮೆಲ್ಲ ತಳ್ಳಿದೆ."